ಸ್ಯಾಸ್‌ನಲ್ಲಿ ಕಾಲಮ್ ಟೆಂಪ್ಲೇಟ್ ಬರೆದರೂ ಟೇಬಲ್ ಬದಲಾಗುತ್ತಿಲ್ಲವೇ? ದೋಷ ನಿವಾರಣೆ ಕೈಪಿಡಿ

ಡೇಟಾ ವಿಶ್ಲೇಷಣೆಯ ಸಾಫ್ಟ್‌ವೇರ್ ಆದ ಸ್ಯಾಸ್‌ನಲ್ಲಿ ಟೇಬಲ್‌ಗಳ ರೂಪ ಬರೆದಿಡುವುದು ಪ್ರಾಕ್ ಟೆಂಪ್ಲೇಟ್‌ನಲ್ಲಿ. ಅಲ್ಲಿ ಕಾಲಮ್‌ಗೆ ಫಾರ್ಮ್ಯಾಟ್ (ಮೌಲ್ಯ ತೋರಿಸುವ ರೀತಿ) ಕೊಟ್ಟಾಯಿತು, ರನ್ ಮಾಡಿದ್ದಾಯಿತು, ಸ್ಯಾಸ್ ತನ್ನ ಸಂದೇಶ ಬರೆಯುವ ಲಾಗ್‌ನಲ್ಲಿ ಒಂದೇ ಒಂದು ಕೆಂಪು ಸಾಲಿಲ್ಲ. ಆದರೂ ವರದಿಯ ಟೇಬಲ್ ಹಿಂದೆ ಹೇಗಿತ್ತೋ ಹಾಗೇ ಕೂತಿದೆ. ಇಲ್ಲವೇ ನಿನ್ನೆ ಸರಿಯಾಗಿ ಬಂದದ್ದು ಇವತ್ತು ಕೆಟ್ಟಿದೆ. ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಕೈ ಹಾಕುವುದು ಫಾರ್ಮ್ಯಾಟ್ ಸಂಖ್ಯೆಗೆ: 8.1 (ಅಗಲ ಎಂಟು, ದಶಮಾಂಶ ಒಂದು) ಇದ್ದದ್ದನ್ನು 6.1 ಮಾಡಿ ನೋಡುವುದು, ಅದಕ್ಕೂ ಬಗ್ಗದಿದ್ದರೆ ಸಾಫ್ಟ್‌ವೇರನ್ನೇ ಮುಚ್ಚಿ ತೆಗೆಯುವುದು. ಅದರಿಂದ ಹೊತ್ತು ಹೋಗುತ್ತದೆಯೇ ಹೊರತು ಕೆಲಸ ಆಗುವುದಿಲ್ಲ. ದೋಷ ಬಹುಪಾಲು ಕಾಲಮ್ ಟೆಂಪ್ಲೇಟಿನ ಒಳಗೆ ಇರುವುದೇ ಇಲ್ಲ. ಓಡಿಎಸ್ (ಔಟ್‌ಪುಟ್‌ಗೆ ರೂಪ ಕೊಡುವ ಸ್ಯಾಸ್‌ನ ಭಾಗ) ಯಾವ ಟೆಂಪ್ಲೇಟನ್ನು ಎತ್ತಿಕೊಂಡಿತು, ಎಲ್ಲಿಂದ ಎತ್ತಿಕೊಂಡಿತು ಎಂಬಲ್ಲಿ ಇರುತ್ತದೆ. ಅದನ್ನು ಖಾತ್ರಿ ಮಾಡಿಕೊಳ್ಳದೆ ಬರೆದದ್ದನ್ನು ತಿದ್ದಲು ಹೋಗಬೇಡಿ.

ಕೆಳಗೆ ಆಜ್ಞೆಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಎಡಿಟರ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವನ್ನೇ ಬಳಸಬೇಕು, ಪ್ರತಿ ಸಾಲಿನ ಕೊನೆಗೆ ಅರ್ಧವಿರಾಮ ಹಾಕಬೇಕು. ಡಿಫೈನ್ ಅಥವಾ ಎಡಿಟ್ ಎಂದು ತೆರೆದ ಪ್ರತಿಯೊಂದಕ್ಕೂ ಒಂದು ‘ಎಂಡ್’ ಇರಬೇಕು. ಟೇಬಲ್‌ಗೆ ಒಂದು, ಅದರೊಳಗಿನ ಕಾಲಮ್‌ಗೆ ಇನ್ನೊಂದು. ಇದು ತಪ್ಪಿದರೆ ಲಾಗೇ ಕೂಗಿ ಹೇಳುತ್ತದೆ, ಆದ್ದರಿಂದ ಅದರ ಮಾತು ಇಲ್ಲಿಗೆ ಸಾಕು.

ಮೊದಲು ಟ್ರೇಸ್ ಹಾಕಿ

‘ಓಡಿಎಸ್ ಟ್ರೇಸ್ ಆನ್’ ಎಂದು ಬರೆದು ನಿಮ್ಮ ಪ್ರೊಸೀಜರ್ (‘ಪ್ರಾಕ್’ ಎಂದು ಶುರುವಾಗುವ ಆಜ್ಞೆಗಳ ಗುಂಪು) ಓಡಿಸಿ. ಉದಾಹರಣೆಗೆ ಸ್ಯಾಸ್ ಜೊತೆಗೇ ಬರುವ ‘ಸ್ಯಾಸ್‌ಹೆಲ್ಪ್.ಕ್ಲಾಸ್’ ಸಾಕು. ಎಲ್ಲರ ಬಳಿಯೂ ಇರುತ್ತದೆ, 19 ವಿದ್ಯಾರ್ಥಿಗಳ ಪುಟ್ಟ ಡೇಟಾ. ಅದರ ಮೇಲೆ ಎಣಿಕೆ ಕೊಡುವ ಪ್ರಾಕ್ ಫ್ರೀಕ್ ಹಾಕಿ ‘ಟೇಬಲ್ಸ್ ಸೆಕ್ಸ್’ ಕೊಟ್ಟರೆ ಹುಡುಗಿಯರು 9, ಶೇಕಡಾ 47.37, ಹುಡುಗರು 10, ಶೇಕಡಾ 52.63 ಎಂದು ಬರುತ್ತದೆ. ಈಗ ಲಾಗ್ ನೋಡಿ. ಔಟ್‌ಪುಟ್ ಸೇರಿಸಲಾಗಿದೆ ಎಂಬ ತಲೆಬರಹದ ಕೆಳಗೆ ಹೆಸರು, ಲೇಬಲ್, ಟೆಂಪ್ಲೇಟ್, ಪಾತ್ ಎಂಬ ಸಾಲುಗಳಿರುತ್ತವೆ. ನಮಗೆ ಬೇಕಾದದ್ದು ಟೆಂಪ್ಲೇಟ್ ಸಾಲು. ಇಲ್ಲಿ ಅದು ‘ಬೇಸ್.ಫ್ರೀಕ್.ಒನ್‌ವೇಫ್ರೀಕ್ಸ್’. ನೀವು ಎಡಿಟ್ ಮಾಡಿದ ಹೆಸರು ಇದೇನಾ? ಬಿಂದು ಸಮೇತ ಹೋಲಿಸಿ ನೋಡಿ. ಬೇರೆ ಹೆಸರಾಗಿದ್ದರೆ ನೀವು ತಿದ್ದಿದ್ದು ಯಾವುದೋ ಟೆಂಪ್ಲೇಟ್, ತೆರೆಗೆ ಬಂದದ್ದು ಇನ್ನಾವುದೋ.

ಟೆಂಪ್ಲೇಟ್ ಸಾಲೇ ಕಾಣದಿದ್ದರೆ? ಆಗ ಉತ್ತರ ಇನ್ನೂ ಸುಲಭ. ಪ್ರಾಕ್ ಪ್ರಿಂಟ್, ಪ್ರಾಕ್ ರಿಪೋರ್ಟ್, ಪ್ರಾಕ್ ಟ್ಯಾಬ್ಯುಲೇಟ್ ಈ ಮೂರೂ ಟೇಬಲ್ ಟೆಂಪ್ಲೇಟ್ ಬಳಸುವುದೇ ಇಲ್ಲ. ಅವುಗಳ ಟೇಬಲ್ ರೂಪ ಪ್ರೋಗ್ರಾಮ್ ಒಳಗೇ ನಿರ್ಧಾರವಾಗುತ್ತದೆ. ಪ್ರಾಕ್ ರಿಪೋರ್ಟ್‌ನಲ್ಲೂ ಒಂದು ‘ಡಿಫೈನ್’ ಇದೆ, ಅದಕ್ಕೂ ‘ಫಾರ್ಮ್ಯಾಟ್’ ಕೊಡುತ್ತೇವೆ. ಈ ಹೆಸರಿನ ಹೋಲಿಕೆಯಿಂದಲೇ ಹೊಸಬರು ಪ್ರಾಕ್ ಟೆಂಪ್ಲೇಟ್‌ನಲ್ಲಿ ಬರೆದ ಕಾಲಮ್ ಅಲ್ಲಿ ಹತ್ತುತ್ತದೆಂದು ಕಾಯುತ್ತಾರೆ. ಹತ್ತುವುದಿಲ್ಲ. ಫಾರ್ಮ್ಯಾಟನ್ನು ರಿಪೋರ್ಟಿನ ಡಿಫೈನ್‌ನಲ್ಲೇ ಕೊಡಿ, ಕಥೆ ಮುಗಿಯಿತು.

ಪ್ರಾಕ್ ಫ್ರೀಕ್‌ನಲ್ಲಿ ಎರಡು ವೇರಿಯಬಲ್ ನಡುವೆ ಗುಣಾಕಾರದ ಚಿಹ್ನೆ ಹಾಕಿ ಕೊಟ್ಟಾಗ ಬರುವ ಅಡ್ಡ-ಉದ್ದ ಟೇಬಲ್ ಬೇರೆಯದೇ ಜಾತಿ. ಅದು ‘ಡಿಫೈನ್ ಕ್ರಾಸ್‌ಟ್ಯಾಬ್ಸ್’ ಎಂಬ ರಚನೆಯಲ್ಲಿದೆ, ಕಾಲಮ್‌ಗಳದ್ದಲ್ಲ. ಅಲ್ಲಿ ಕಾಲಮ್ ಎಡಿಟ್ ಮಾಡಲು ಹೊರಟರೆ ಸಿಗುವುದು ಎರರ್ ಮಾತ್ರ. ಕಾಲಮ್ ರೂಪವೇ ಬೇಕೆಂದರೆ ಟೇಬಲ್ಸ್ ಸಾಲಿಗೆ ‘ಲಿಸ್ಟ್’ ಆಪ್ಷನ್ ಸೇರಿಸಿ. ಆಗ ಟೆಂಪ್ಲೇಟ್ ‘ಬೇಸ್.ಫ್ರೀಕ್.ಲಿಸ್ಟ್’ ಆಗುತ್ತದೆ, ಅದನ್ನು ಮಾಮೂಲಿಯಾಗಿ ತಿದ್ದಬಹುದು.

ಹೆಸರು ಸರಿ ಇದೆ, ಆದರೂ ಹಳೆಯ ರೂಪವೇ ಬರುತ್ತಿದೆ

ಈಗ ‘ಓಡಿಎಸ್ ಪಾತ್ ಶೋ’ ಓಡಿಸಿ. ಓಡಿಎಸ್ ಟೆಂಪ್ಲೇಟ್ ಹುಡುಕುವ ಜಾಗಗಳ ಪಟ್ಟಿ ಬರುತ್ತದೆ. ಸಾಮಾನ್ಯವಾಗಿ ಎರಡು ಸಾಲು ಕಾಣುತ್ತವೆ: ‘ಸ್ಯಾಸ್‌ಯೂಸರ್.ಟೆಂಪ್ಲಾಟ್’, ಪಕ್ಕದಲ್ಲಿ ಅಪ್‌ಡೇಟ್ ಎಂದು; ‘ಸ್ಯಾಸ್‌ಹೆಲ್ಪ್.ಟಿಎಂಪಿಎಲ್‌ಎಂಎಸ್‌ಟಿ’, ಪಕ್ಕದಲ್ಲಿ ರೀಡ್ ಎಂದು. ಓಡಿಎಸ್ ಮೇಲಿನಿಂದ ಕೆಳಗೆ ಹುಡುಕುತ್ತಾ ಬರುತ್ತದೆ, ಮೊದಲು ಸಿಕ್ಕಿದ್ದೇ ಗೆದ್ದದ್ದು. ಬರೆಯುವಾಗ ಮಾತ್ರ ಅಪ್‌ಡೇಟ್ ಅನುಮತಿ ಇರುವ ಮೊದಲ ಜಾಗಕ್ಕೆ ಬರೆಯುತ್ತದೆ. ಓದುವ ಮೊದಲ ಜಾಗ ಬೇರೆ, ಬರೆಯುವ ಮೊದಲ ಜಾಗ ಬೇರೆ ಆಗಿಬಿಟ್ಟರೆ ಗಲಿಬಿಲಿ ಶುರು. ಉದಾಹರಣೆಗೆ ಆಫೀಸಿನವರು ತಮ್ಮ ಸಿದ್ಧ ಟೆಂಪ್ಲೇಟ್‌ಗಳ ಲೈಬ್ರರಿಯನ್ನು ಪಾತ್‌ನ ತಲೆಗೆ ರೀಡ್ ಎಂದು ಸೇರಿಸಿದ್ದರೆ, ನೀವು ಬರೆದದ್ದು ಎರಡನೆಯ ಜಾಗಕ್ಕೆ ಹೋಗಿ ಕೂರುತ್ತದೆ; ಓದುವಾಗ ಅವರದ್ದೇ ಮೊದಲು ಸಿಗುತ್ತದೆ. ಲಾಗ್ ಅದನ್ನೂ ಹೇಳಿರುತ್ತದೆ. ಟೆಂಪ್ಲೇಟ್ ಉಳಿಸಿದ ನೋಟ್ ಸಾಲಿನಲ್ಲಿ ಯಾವ ಜಾಗಕ್ಕೆ ಉಳಿಸಿತೆಂದು ಬರೆದಿರುತ್ತದೆ. ಆ ಸಾಲನ್ನು ಓದುವವರು ಕಡಿಮೆ.

ಇಲ್ಲೊಂದು ಚೆಂದದ ಪರೀಕ್ಷೆ ಇದೆ. ಪಾತ್‌ನಲ್ಲಿ ‘ಸ್ಯಾಸ್‌ಹೆಲ್ಪ್’ ಒಂದನ್ನೇ ರೀಡ್ ಎಂದು ಇಟ್ಟು ಪ್ರೊಸೀಜರ್ ಮತ್ತೆ ಓಡಿಸಿ. ಸ್ಯಾಸ್ ಕಂಪನಿ ಕೊಟ್ಟ ಮೂಲರೂಪ ಬರುತ್ತದೆ. ಕೆಟ್ಟಿದ್ದ ಟೇಬಲ್ ಈಗ ಸರಿಯಾಯಿತೆಂದರೆ ಕೇಡು ನಿಮ್ಮ ಉಳಿಸಿದ ಪ್ರತಿಯಲ್ಲಿದೆ. ಈಗಲೂ ಕೆಟ್ಟೇ ಇದ್ದರೆ ಟೆಂಪ್ಲೇಟ್ ಬಿಡಿ, ಡೇಟಾ ಕಡೆ ಅಥವಾ ಸ್ಟೈಲ್ ಕಡೆ ನೋಡಿ. ಒಂದು ಸಾಲಿನಲ್ಲಿ ಅರ್ಧ ಸಂಶಯ ಹೋಗುತ್ತದೆ. ನೋಡಿದ ಮೇಲೆ ಪಾತನ್ನು ಮೊದಲಿದ್ದಂತೆ ಮಾಡಲು ಮರೆಯಬೇಡಿ, ಇಲ್ಲದಿದ್ದರೆ ಮುಂದಿನ ಪ್ರಾಕ್ ಟೆಂಪ್ಲೇಟ್‌ಗೆ ಬರೆಯಲು ಜಾಗವೇ ಸಿಗದೆ ಎರರ್ ಕೊಡುತ್ತದೆ.

ಉಳಿಸಿದ ಪ್ರತಿಯೇ ಅಪರಾಧಿ ಎಂದು ಗೊತ್ತಾದರೆ ‘ಸೋರ್ಸ್’ ಆಜ್ಞೆಗೆ ಟೆಂಪ್ಲೇಟ್ ಹೆಸರು ಕೊಟ್ಟು ಅದರ ಪೂರ್ತಿ ಪಠ್ಯ ಲಾಗ್‌ಗೆ ತರಿಸಿ. ಹಿಂದೆ ಯಾವುದೋ ಪ್ರಾಜೆಕ್ಟಿಗೆ ಮಾಡಿದ ತಿದ್ದುಪಡಿ ಅಲ್ಲೇ ಉಳಿದಿರುವುದು ತೀರಾ ಸಾಮಾನ್ಯ. ‘ಸ್ಯಾಸ್‌ಯೂಸರ್’ ಸೆಷನ್ ಮುಚ್ಚಿದರೂ ಅಳಿಯುವುದಿಲ್ಲವಲ್ಲ. ‘ಡಿಲೀಟ್’ ಹಾಕಿದರೆ ನಿಮ್ಮ ಪ್ರತಿ ಹೋಗುತ್ತದೆ. ಮೂಲ ಪ್ರತಿ ರೀಡ್ ಜಾಗದಲ್ಲಿರುವುದರಿಂದ ಅದಕ್ಕೆ ಏನೂ ಆಗುವುದಿಲ್ಲ, ಧೈರ್ಯವಾಗಿ ಅಳಿಸಿ.

ಒಂದೇ ಕಂಪ್ಯೂಟರ್‌ನಲ್ಲಿ ಸ್ಯಾಸ್ ಎರಡು ಸಲ ತೆರೆದಿದ್ದರೆ ಎರಡನೆಯ ಸೆಷನ್‌ಗೆ ‘ಸ್ಯಾಸ್‌ಯೂಸರ್’ನಲ್ಲಿ ಬರೆಯಲು ಆಗುವುದಿಲ್ಲ. ಪ್ರೊಫೈಲ್ ತೆರೆಯಲಾಗಲಿಲ್ಲ, ಅದರ ಬದಲು ವರ್ಕ್‌ನಲ್ಲಿ (ಸೆಷನ್ ಇರುವವರೆಗಿನ ತಾತ್ಕಾಲಿಕ ಲೈಬ್ರರಿ) ತೆರೆಯುತ್ತೇನೆ ಎಂಬ ನೋಟ್ ಶುರುವಿನಲ್ಲೇ ಬಂದಿರುತ್ತದೆ. ಹಂಚಿಕೊಂಡ ಸರ್ವರ್‌ಗಳಲ್ಲೂ ಆ ಜಾಗಕ್ಕೆ ಬೀಗ ಹಾಕಿರುವುದುಂಟು. ನನ್ನ ಮಟ್ಟಿಗೆ ಎಲ್ಲದಕ್ಕೂ ಒಂದೇ ಮದ್ದು: ಪ್ರೋಗ್ರಾಮಿನ ತಲೆಯಲ್ಲೇ ‘ಓಡಿಎಸ್ ಪಾತ್’ಗೆ ‘ಪ್ರಿಪೆಂಡ್’ ಕೊಟ್ಟು ‘ವರ್ಕ್.ಟೆಂಪ್ಲಾಟ್’ ಅನ್ನು ಅಪ್‌ಡೇಟ್ ಎಂದು ಸೇರಿಸುವುದು. ಟೆಂಪ್ಲೇಟ್ ಆ ಸೆಷನ್‌ಗೆ ಮಾತ್ರ ಬದುಕುತ್ತದೆ, ಸೆಷನ್ ಮುಚ್ಚಿದರೆ ಹೋಗುತ್ತದೆ. ಪ್ರೋಗ್ರಾಮ್ ಫೈಲಿನಲ್ಲಿ ಬರೆದದ್ದಷ್ಟೇ ಸತ್ಯ, ಬೇರೆಲ್ಲೂ ಗುಟ್ಟಾಗಿ ಏನೂ ಉಳಿದಿರುವುದಿಲ್ಲ. ಶಾಶ್ವತವಾಗಿ ಬೇಕಾದವರು ಸ್ವಂತ ಲೈಬ್ರರಿಗೆ ಬರೆಯಲಿ. ‘ಸ್ಯಾಸ್‌ಯೂಸರ್’ ಮಾತ್ರ ಬೇಡ.

ನಿನ್ನೆ ಇದ್ದ ಫಾರ್ಮ್ಯಾಟ್ ಇವತ್ತಿಲ್ಲ

‘ಸ್ಯಾಸ್‌ಯೂಸರ್’ ಬೇಡ ಎಂದದ್ದಕ್ಕೆ ಮುಖ್ಯ ಕಾರಣ ಈ ದೋಷವೇ. ನಮ್ಮಲ್ಲಿ ಮೊತ್ತ ತೋರಿಸುವಾಗ ಲಕ್ಷ, ಕೋಟಿಯ ಲೆಕ್ಕದಲ್ಲಿ ಅಲ್ಪವಿರಾಮ ಬೇಕು. ಸ್ಯಾಸ್‌ನ ‘ಕಾಮಾ’ ಫಾರ್ಮ್ಯಾಟ್ ಮೂರು ಮೂರು ಅಂಕಿಗೆ ಹಾಕುತ್ತದೆ, 12345678 ಅನ್ನು 12,345,678 ಎಂದು ಬರೆಯುತ್ತದೆ. ಲೆಕ್ಕಪತ್ರ ವಿಭಾಗದವರಿಗೆ ಬೇಕಾದದ್ದು 1,23,45,678. ಅದಕ್ಕೆ ಪ್ರಾಕ್ ಫಾರ್ಮ್ಯಾಟ್‌ನಲ್ಲಿ ‘ಪಿಕ್ಚರ್’ (ಅಂಕಿ, ಅಲ್ಪವಿರಾಮ ಕೂರುವ ಜಾಗಗಳ ನಮೂನೆ) ಬರೆದು, ‘ಹಣ’ ಎಂದೋ ಏನೋ ಹೆಸರಿಟ್ಟು, ಕಾಲಮ್ ಟೆಂಪ್ಲೇಟ್‌ನಲ್ಲಿ ಆ ಫಾರ್ಮ್ಯಾಟನ್ನು ಹೆಸರಿಸುತ್ತೇವೆ. ಅವತ್ತು ಚೆನ್ನಾಗಿ ಬರುತ್ತದೆ. ಮಾರನೆಯ ದಿನ ಫಾರ್ಮ್ಯಾಟ್ ಸಿಗಲಿಲ್ಲ ಎಂಬ ಎರರ್.

ಟೆಂಪ್ಲೇಟ್ ‘ಸ್ಯಾಸ್‌ಯೂಸರ್’ಗೆ ಹೋಗಿ ಉಳಿಯಿತು. ಫಾರ್ಮ್ಯಾಟ್‌ಗೆ ಜಾಗ ಹೇಳದಿದ್ದರೆ ಅದು ‘ವರ್ಕ್.ಫಾರ್ಮ್ಯಾಟ್ಸ್’ಗೆ ಹೋಗುತ್ತದೆ, ಸೆಷನ್ ಜೊತೆಗೇ ಅಳಿಯುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಎರಡನ್ನೂ ಒಂದೇ ಕಡೆ ಕಟ್ಟಿಹಾಕಬೇಕು: ಎರಡೂ ವರ್ಕ್‌ನಲ್ಲಿ, ಪ್ರತಿ ಸಲ ಹೊಸದಾಗಿ, ಅಥವಾ ಎರಡೂ ಶಾಶ್ವತ ಲೈಬ್ರರಿಯಲ್ಲಿ, ‘ಎಫ್‌ಎಂಟಿಸರ್ಚ್’ ಆಪ್ಷನ್‌ಗೆ ಆ ಲೈಬ್ರರಿಯ ಹೆಸರು ಸೇರಿಸಿ. ‘ನೋಎಫ್‌ಎಂಟಿಇಆರ್‌ಆರ್’ ಆಪ್ಷನ್ ಹಾಕಿ ಎರರ್ ಬಾಯಿ ಮುಚ್ಚಿಸುವವರೂ ಇದ್ದಾರೆ. ಅದರಿಂದ ಎರರ್ ಹೋಗುತ್ತದೆ, ಜೊತೆಗೆ ಅಲ್ಪವಿರಾಮಗಳೂ ಹೋಗುತ್ತವೆ, ಬರಿಯ ಅಂಕಿ ಬರುತ್ತದೆ.

ಪಿಕ್ಚರ್ ವಿಚಾರ ಬಂದದ್ದರಿಂದ ಅದನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಇಲ್ಲಿನ ತಪ್ಪುಗಳು ನೋಟಕ್ಕೆ ಸರಿಯಾಗಿಯೇ ಕಾಣುತ್ತವೆ. ನೀವು ‘00,00,00,009’ ಎಂಬ ಚಿತ್ರ ಬರೆದಿರೆನ್ನಿ. ಅಂಕಿಗೆ ಜಾಗ ಒಂಬತ್ತು, ಅಲ್ಪವಿರಾಮ ಮೂರು, ಒಟ್ಟು ಅಗಲ ಹನ್ನೆರಡು. ಋಣ ಮೊತ್ತಕ್ಕೆ ‘ಪ್ರಿಫಿಕ್ಸ್’ ಆಗಿ ಮೈನಸ್ ಕೊಟ್ಟಿದ್ದೀರಿ. ಮೈನಸ್ 1,23,45,678ಕ್ಕೆ ಹನ್ನೊಂದು ಅಕ್ಷರದ ಜೊತೆ ಮೈನಸ್ ಕೂಡ ಹಿಡಿಸುತ್ತದೆ. ಮೈನಸ್ 12,34,56,789 ಬಂದಾಗ ಹನ್ನೆರಡೂ ಜಾಗ ತುಂಬಿ ಹೋಗುತ್ತದೆ, ಮೈನಸ್‌ಗೆ ಸ್ಥಳವಿಲ್ಲ, ಅದನ್ನು ಬಿಟ್ಟೇಬಿಡುತ್ತದೆ. ನಷ್ಟ ಲಾಭವಾಗಿ ಅಚ್ಚಾಗುತ್ತದೆ, ಅದೂ ದೊಡ್ಡ ಮೊತ್ತದ ಸಾಲುಗಳಲ್ಲಿ ಮಾತ್ರ. ಹತ್ತಂಕಿಯ ಸಂಖ್ಯೆ ಬಂದರೆ ಇನ್ನೂ ಕೇಡು: ಎಡತುದಿಯ ಅಂಕಿಯೇ ಉದುರಿ 1234567890 ಎಂಬುದು 23,45,67,890 ಎಂದು ಬರುತ್ತದೆ. ನಕ್ಷತ್ರ ಚಿಹ್ನೆ ಬರುವುದಿಲ್ಲ, ಎಚ್ಚರಿಕೆಯಿಲ್ಲ. ಎಡಕ್ಕೆ ಒಂದೆರಡು ಜೊತೆ ಸೊನ್ನೆಗಳನ್ನು ಧಾರಾಳವಾಗಿ ಬಿಡಿ, ಕಾಲಮ್ ಟೆಂಪ್ಲೇಟ್‌ನಲ್ಲಿ ಫಾರ್ಮ್ಯಾಟ್ ಹೆಸರಿನ ಮುಂದೆ ಕಡಿಮೆ ಅಗಲ ಬರೆದು ಅದನ್ನು ಮತ್ತೆ ಹಿಂಡಬೇಡಿ. ಇನ್ನೊಂದು: ಪಿಕ್ಚರ್‌ಗೆ ‘ರೌಂಡ್’ ಹೇಳದಿದ್ದರೆ ಅದು ದಶಮಾಂಶವನ್ನು ಕತ್ತರಿಸುತ್ತದೆ, ಹತ್ತಿರದ ಸಂಖ್ಯೆಗೆ ತರುವುದಿಲ್ಲ. 999.9 ರೂಪಾಯಿ 999 ಆಗುತ್ತದೆ. ಒಟ್ಟು ಮೊತ್ತ ಸಾಲುಗಳ ಮೊತ್ತಕ್ಕೆ ತಾಳೆಯಾಗುತ್ತಿಲ್ಲ ಎಂಬ ದೂರು ಬಂದರೆ ಮೊದಲು ಇಲ್ಲಿ ನೋಡಿ.

ಮಾಮೂಲಿ ಸಂಖ್ಯಾ ಫಾರ್ಮ್ಯಾಟ್ ಇಷ್ಟು ಕಪಟಿಯಲ್ಲ. 8.2 ಎಂಬ ಅಗಲಕ್ಕೆ 1234567.89 ಹಿಡಿಸದಿದ್ದರೆ ದಶಮಾಂಶವನ್ನು ಬಿಟ್ಟು ಪೂರ್ಣಾಂಕ ತೋರಿಸುತ್ತದೆ, ಫಾರ್ಮ್ಯಾಟ್ ಚಿಕ್ಕದಾಯಿತು ಎಂದು ಲಾಗ್‌ನಲ್ಲಿ ನೋಟ್ ಕೂಡ ಹಾಕುತ್ತದೆ. ಒಂದೇ ಕಾಲಮ್‌ನಲ್ಲಿ ಕೆಲವು ಸಾಲಿಗೆ ದಶಮಾಂಶ ಇದ್ದು ಕೆಲವಕ್ಕೆ ಇಲ್ಲದಿದ್ದರೆ ಕಾರಣ ಇದು.

ಟೆಂಪ್ಲೇಟ್‌ನ ಫಾರ್ಮ್ಯಾಟೂ ಡೇಟಾದ ಫಾರ್ಮ್ಯಾಟೂ ಎರಡೂ ಇದ್ದಾಗ ಗೆಲ್ಲುವುದು ಟೆಂಪ್ಲೇಟಿನದು. ಟೆಂಪ್ಲೇಟ್‌ನಲ್ಲಿ ಯಾರಾದರೂ ‘ಡೇಟಾ_ಫಾರ್ಮ್ಯಾಟ್_ಓವರ್‌ರೈಡ್’ ಆನ್ ಮಾಡಿದ್ದರೆ ತಿರುಗುಮುರುಗು. ಸೋರ್ಸ್ ತೆಗೆದಾಗ ಆ ಸಾಲಿದೆಯೇ ನೋಡಿಕೊಳ್ಳಿ.

ಕಾಲಮೇ ಮಾಯ

ಡೇಟಾ ಸ್ಟೆಪ್‌ನಲ್ಲಿ ‘ಫೈಲ್ ಪ್ರಿಂಟ್ ಓಡಿಎಸ್’ ಎಂದು ಸ್ವಂತ ಟೇಬಲ್ ಟೆಂಪ್ಲೇಟ್ ಬಳಸುವವರಿಗೆ ಇದು ಬರುತ್ತದೆ. ಟೇಬಲ್‌ನ ‘ಕಾಲಮ್’ ಸಾಲಿನಲ್ಲಿ ಪಟ್ಟಿ ಕೊಟ್ಟಿದ್ದರೆ ಆ ಪಟ್ಟಿಯಲ್ಲಿರುವವು ಮಾತ್ರ ಬರುತ್ತವೆ. ಕೆಳಗೆ ಡಿಫೈನ್ ಮಾಡಿ ಪಟ್ಟಿಗೆ ಸೇರಿಸಲು ಮರೆತದ್ದು ಬರುವುದಿಲ್ಲ. ಪಟ್ಟಿಯಲ್ಲಿದ್ದರೂ ವೇರಿಯಬಲ್ ಹೆಸರಿಗೆ ಹೊಂದಬೇಕು. ಒಂದೇ ಕಾಲಮ್ ಟೆಂಪ್ಲೇಟನ್ನು ಹಲವು ವೇರಿಯಬಲ್‌ಗೆ ಹಾಸಬೇಕಾದರೆ ‘ಜೆನೆರಿಕ್ ಆನ್’ ಎರಡು ಕಡೆ ಬೇಕು, ಟೆಂಪ್ಲೇಟ್‌ನಲ್ಲೂ ಡೇಟಾ ಸ್ಟೆಪ್‌ನ ಕಾಲಮ್ಸ್ ಪಟ್ಟಿಯಲ್ಲೂ. ಒಂದು ಕಡೆ ಬಿಟ್ಟರೆ ಆಗುವುದಿಲ್ಲ. ಹೊಸದಾಗಿ ಶುರು ಮಾಡುವವರು ಪ್ರಾಕ್ ಓಡಿಎಸ್‌ಟೇಬಲ್ ನೋಡಲಿ. ಟೆಂಪ್ಲೇಟ್ ಬರೆಯುವುದು, ಡೇಟಾ ಕಟ್ಟುವುದು ಎರಡೂ ಒಂದೇ ಕಡೆ ಆಗುತ್ತದೆ.

ಶೀರ್ಷಿಕೆಯಲ್ಲಿ ಮೊದಲ ಚಿಹ್ನೆ ಕಾಣೆಯಾಗುವುದು ಇದರ ತಮ್ಮ. ‘% ಪಾಲು’ ಎಂದು ಕೊಟ್ಟರೆ ಬರಿಯ ‘ಪಾಲು’ ಬರುತ್ತದೆ. ಶೀರ್ಷಿಕೆಯ ಮೊದಲಲ್ಲಿ ಅಕ್ಷರ, ಅಂಕಿ, ಖಾಲಿ ಜಾಗ ಯಾವುದೂ ಅಲ್ಲದ ಚಿಹ್ನೆ ಬಂದರೆ ಓಡಿಎಸ್ ಅದನ್ನು ಸಾಲು ಒಡೆಯುವ ಗುರುತು ಎಂದುಕೊಳ್ಳುತ್ತದೆ. ‘ಪಾಲು (%)’ ಎಂದು ಹಿಂದುಮುಂದು ಮಾಡಿ ಬರೆದರೆ ಗೋಳಿಲ್ಲ.

ಊರ ಹೆಸರು ತುಂಡಾದರೆ

ಕನ್ನಡದ ಡೇಟಾ ಇಟ್ಟುಕೊಂಡವರಿಗೆ ಇದು ಬಂದೇ ಬರುತ್ತದೆ. ಮೊದಲು ‘ಪ್ರಾಕ್ ಆಪ್ಷನ್ಸ್’ಗೆ ‘ಎನ್‌ಕೋಡಿಂಗ್’ ಕೊಟ್ಟು ಸೆಷನ್ ಯುಟಿಎಫ್-8 (ಕನ್ನಡವೂ ಹಿಡಿಸುವ ಅಕ್ಷರ ಸಂಕೇತ ಪದ್ಧತಿ) ಹೌದೋ ಅಲ್ಲವೋ ನೋಡಿ. ಅಲ್ಲದಿದ್ದರೆ ಸೆಷನ್ನನ್ನೇ ಯುಟಿಎಫ್-8ರಲ್ಲಿ ತೆರೆಯಬೇಕು, ಟೆಂಪ್ಲೇಟ್‌ನಲ್ಲಿ ಏನು ಮಾಡಿದರೂ ನಡೆಯದು.

ಹೌದಾದರೆ ಅಗಲದ ಲೆಕ್ಕ ಹಾಕಿ. ವೇರಿಯಬಲ್‌ನ ಉದ್ದ ಬೈಟ್‌ಗಳಲ್ಲಿ ಇರುತ್ತದೆ, ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಒತ್ತು, ಕೊಂಬು, ಸೊನ್ನೆ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಇಂಗ್ಲಿಷಿನಲ್ಲಿ ಜಿಲ್ಲೆಯ ಹೆಸರಿಗೆ 20 ಬೇಕಾದಷ್ಟಾಯಿತು ಎಂದು ಇಟ್ಟಿರುತ್ತಾರೆ. ‘ಹಾಸನ’ 12 ಬೈಟ್, ಹಿಡಿಸುತ್ತದೆ. ‘ತುಮಕೂರು’ ಏಳು ಸಂಕೇತ, 21 ಬೈಟ್. ಒಂದೇ ಒಂದು ಬೈಟ್ ಕೊರತೆಯಾಗಿ ‘ತುಮಕೂರ’ ಉಳಿದು ಅದರ ಬೆನ್ನಿಗೆ ಕೊನೆಯ ಕೊಂಬಿನ ಮುರುಕು ಪ್ರಶ್ನಾರ್ಥಕವೋ ಚೌಕವೋ ಆಗಿ ಕಾಣುತ್ತದೆ. ‘ಬೆಂಗಳೂರು’ 24 ಬೈಟ್, ಅದಂತೂ ‘ಬೆಂಗಳೂ’ವಿಗೇ ನಿಲ್ಲುತ್ತದೆ. ಹಾಗಾಗಿ ಕೆಲವು ಜಿಲ್ಲೆ ಸರಿ, ಕೆಲವು ತುಂಡು ಎಂದಾದರೆ ಕಾಲಮ್ ಟೆಂಪ್ಲೇಟ್‌ನ ಅಗಲ ಹೆಚ್ಚಿಸುವ ಮೊದಲು ಡೇಟಾ ಓದುವಾಗಿನ ‘ಲೆಂತ್’ ನೋಡಿ. ಅಲ್ಲೇ ಕತ್ತರಿಸಿ ಹೋದದ್ದನ್ನು ಯಾವ ಟೆಂಪ್ಲೇಟೂ ಮರಳಿ ತರಲಾರದು. ನೂರು ಬೈಟ್ ಇಟ್ಟುಬಿಡಿ, ಜಿಪುಣತನ ಬೇಡ.

ಲಿಸ್ಟಿಂಗ್ (ಬರಿಯ ಪಠ್ಯದ) ಔಟ್‌ಪುಟ್‌ನಲ್ಲಿ ಕನ್ನಡ ಇದ್ದರೆ ಕಾಲಮ್‌ಗಳು ಓರೆಕೋರೆ ಆಗುತ್ತವೆ, ಅದಕ್ಕೆ ಪರಿಹಾರ ಹುಡುಕುತ್ತಾ ಕೂರಬೇಡಿ. ಎಚ್‌ಟಿಎಂಎಲ್‌ಗೆ ಕಳಿಸಿ.

ಬಣ್ಣ ತಪ್ಪು ಜಾಗದಲ್ಲಿ

ಕಾಲಮ್ ಟೆಂಪ್ಲೇಟ್‌ನಲ್ಲಿ ‘ಸೆಲ್‌ಸ್ಟೈಲ್’ ಬರೆದು ಸಂಖ್ಯಾಶಾಸ್ತ್ರದ ಪರೀಕ್ಷೆಗಳು ಕೊಡುವ, 0.05ಕ್ಕಿಂತ ಕಡಿಮೆ ಇರುವ ಪಿ-ಮೌಲ್ಯಗಳಿಗೆ ಬಣ್ಣ ಹಾಕುವುದು ಎಲ್ಲರೂ ಮಾಡುವ ಕೆಲಸ. ಖಾಲಿ ಚೌಕಗಳಿಗೂ ಬಣ್ಣ ಬಂದಿತೇ? ಸ್ಯಾಸ್‌ಗೆ ಖಾಲಿ ಮೌಲ್ಯ ಎಲ್ಲ ಸಂಖ್ಯೆಗಳಿಗಿಂತಲೂ ಚಿಕ್ಕದು, ಆದ್ದರಿಂದ ‘_ವ್ಯಾಲ್_ 0.05ಕ್ಕಿಂತ ಕಡಿಮೆ’ ಎಂಬ ಷರತ್ತಿಗೆ (‘_ವ್ಯಾಲ್_’ ಎಂದರೆ ಆ ಚೌಕದ ಮೌಲ್ಯ) ಅದೂ ಪಾಸು. ಖಾಲಿಯ ಷರತ್ತನ್ನು ಮೊದಲ ಸಾಲಿಗೆ ಹಾಕಿ. ಮೇಲಿನಿಂದ ಮೊದಲು ನಿಜವಾದದ್ದೇ ಅನ್ವಯ, ಕೆಳಗಿನವನ್ನು ನೋಡುವುದೇ ಇಲ್ಲ. ಎಲ್ಲಕ್ಕೂ ಕೊನೆಗೆ ‘1 ಆ್ಯಸ್ ಡೇಟಾ’ ಇರಲಿ, ಉಳಿದವಕ್ಕೆಲ್ಲ ಮಾಮೂಲಿ ರೂಪ ಎಂದು.

0.0500 ಎಂದು ಅಚ್ಚಾದ ಚೌಕ ಕೆಂಪಾಗಿದ್ದರೆ ಅದು ದೋಷವಲ್ಲ. ಒಳಗಿನ ಮೌಲ್ಯ 0.04996 ಇರಬಹುದು. ಷರತ್ತು ಹೋಲಿಸುವುದು ಅಸಲು ಮೌಲ್ಯವನ್ನು, ನಾಲ್ಕು ದಶಮಾಂಶದ ‘ಪಿವ್ಯಾಲ್ಯೂ6.4’ ತೋರಿಸುವ ರೂಪವನ್ನಲ್ಲ. ವರದಿ ಓದುವವರು ಕೇಳಿದರೆ ದಶಮಾಂಶ ಹೆಚ್ಚಿಸಿ ತೋರಿಸಿ, ಷರತ್ತನ್ನು ಬಗ್ಗಿಸಬೇಡಿ.

ಬಣ್ಣವೇ ಬರದಿದ್ದರೆ ಎಲ್ಲಿ ನೋಡುತ್ತಿದ್ದೀರಿ ಎಂದು ಕೇಳಿಕೊಳ್ಳಿ. ಲಿಸ್ಟಿಂಗ್‌ಗೆ ಸ್ಟೈಲ್ ಗೊತ್ತಿಲ್ಲ. ಸ್ಯಾಸ್ 9.3ರಿಂದ ವಿಂಡೋದಲ್ಲಿ ಕೂತು ಓಡಿಸಿದರೆ ಎಚ್‌ಟಿಎಂಎಲ್ ತಾನಾಗಿ ಬರುತ್ತದೆ, ರಾತ್ರಿ ಬ್ಯಾಚ್‌ಗೆ ಹಾಕಿದರೆ ಈಗಲೂ ಲಿಸ್ಟಿಂಗೇ. ಹಗಲು ಕಂಡ ಬಣ್ಣ ಬೆಳಗ್ಗಿನ ಫೈಲಿನಲ್ಲಿ ಇಲ್ಲದಿರುವುದು ಹೀಗೆ. ಕಾಲಮ್‌ನ ‘ವಿಡ್ತ್’ ಇದರ ತಿರುಗು: ಅದು ಲಿಸ್ಟಿಂಗ್‌ಗೆ ನಡೆಯುತ್ತದೆ, ಎಚ್‌ಟಿಎಂಎಲ್, ಪಿಡಿಎಫ್‌ಗಳಲ್ಲಿ ಅಗಲವನ್ನು ಸ್ಟೈಲ್ ಒಳಗೆ ಹೇಳಬೇಕು.

ಎಕ್ಸೆಲ್‌ಗೆ ಹೋದಾಗ

ಎಚ್‌ಟಿಎಂಎಲ್‌ನಲ್ಲಿ ‘ಜೆಡ್6.’ ಫಾರ್ಮ್ಯಾಟ್‌ನಿಂದ 001234 ಎಂದು ಸರಿಯಾಗಿ ಬಂದ ಸಿಬ್ಬಂದಿ ಸಂಖ್ಯೆ ‘ಓಡಿಎಸ್ ಎಕ್ಸೆಲ್’ನಲ್ಲಿ 1234 ಆಗುವುದುಂಟು. ಎಕ್ಸೆಲ್ ಮೌಲ್ಯವನ್ನು ಸಂಖ್ಯೆಯಾಗಿ ತೆಗೆದುಕೊಂಡು ತನ್ನ ರೀತಿಯಲ್ಲಿ ಬರೆಯುತ್ತದೆ. ಕಾಲಮ್‌ನ ಸ್ಟೈಲ್‌ನಲ್ಲಿ ‘ಟ್ಯಾಗ್‌ಆಟ್ರ್’ ಸೇರಿಸಿ ಎಕ್ಸೆಲ್ ಭಾಷೆಯಲ್ಲೇ ‘ಫಾರ್ಮ್ಯಾಟ್:000000’ ಎಂದು ಹೇಳಿ. ಲಕ್ಷ-ಕೋಟಿಯ ಪಿಕ್ಚರ್ ಬಳಸಿದ ಕಾಲಮ್ ಎಕ್ಸೆಲ್‌ಗೆ ಹೋಗುವುದಿದ್ದರೆ ಅದನ್ನೂ ತೆರೆದು ಒಂದು ಚೌಕದ ಮೇಲೆ ಕ್ಲಿಕ್ ಮಾಡಿ ನೋಡಿ. ಮೇಲಿನ ಫಾರ್ಮುಲಾ ಪಟ್ಟಿಯಲ್ಲಿ ಅಲ್ಪವಿರಾಮ ಸಮೇತ ಕಂಡರೆ ಅದು ಪಠ್ಯವಾಗಿ ಹೋಗಿದೆ ಎಂದರ್ಥ, ಲೆಕ್ಕಪತ್ರದವರು ಅದನ್ನು ಕೂಡಲು ಹೋದರೆ ಸೊನ್ನೆ ಬರುತ್ತದೆ. ಅಲ್ಲಿ ಟೆಂಪ್ಲೇಟ್‌ಗೆ ಸಾದಾ ಸಂಖ್ಯೆಯ ಫಾರ್ಮ್ಯಾಟ್ ಕೊಟ್ಟು ಅಲ್ಪವಿರಾಮದ ಕೆಲಸವನ್ನು ಎಕ್ಸೆಲ್‌ಗೇ ಬಿಡಿ.